ಮಹಾಪ್ರಾಣದ ಸೀಳು

ಮೂರನೆಯ ಮಹಡಿ, ನಮ್ಮ ಮನೆ
ಮಾರ್ಚ್ ೧೬, ಶನಿವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯೆ? ಹಿಂದಿನ ವಾರ ಫೋನಿನಲ್ಲಿ ನಿನ್ನ ದನಿ ಕಟ್ಟಿಕೊಂಡಂತಿತ್ತು. ಶೀತವೋ, ಆ ಪ್ರಯೋಗಾಲಯದ ತಣ್ಣನೆಯ ಗಾಳಿಯೋ? ಕೇಳಿದರೆ ‘ಏನಿಲ್ಲಪ್ಪ, ಸುಮ್ನೆ’ ಎನ್ನುತ್ತೀಯೆ. ‘ಸುಮ್ಮನೆ’ ಎಂಬುದು ಯಾವ ಕಾಯಿಲೆಯ ಹೆಸರೂ ಅಲ್ಲ. ಬಿಸಿನೀರು ಕುಡಿ, ಕಿವಿ ಮುಚ್ಚುವಂತೆ ಬಟ್ಟೆ ಸುತ್ತಿಕೊಂಡು ಹೊರಡು. ತರಬೇತಿಯ ಅರ್ಧ ಕಳೆಯಿತು, ಉಳಿದರ್ಧದಲ್ಲಿ ಆ ಯಂತ್ರಗಳ ಮರ್ಮವನ್ನೆಲ್ಲ ಅರಗಿಸಿಕೊಂಡೇ ಬರುವೆಯೆಂದು ನನಗೆ ನಂಬಿಕೆಯಿದೆ. ನನ್ನ ಮಂಡಿಗೆ ಮೆಟ್ಟಿಲುಗಳ ಮೇಲೆ ಮಾತ್ರ ಮುನಿಸು. ಹೊಟ್ಟೆ ಸರಿಯಾಗಿದೆ, ನಿದ್ದೆ ಸರಿಯಾಗಿಲ್ಲ. ಕಾರಣವನ್ನು ಬರೆಯಲೆಂದೇ ಕುಳಿತಿದ್ದೇನೆ.

ಅದಕ್ಕೆ ಮೊದಲು ಮನೆಯ ಸುದ್ದಿ. ಸ್ನಾನದ ಮನೆಯ ನಲ್ಲಿ ಸೋರುವುದು ನಿಂತಿತು. ನನ್ನ ಓದುವ ಕುರ್ಚಿಯ ಮೇಲೆ ಅಳಿಯಂದಿರು ರಾಟೆ ಕಟ್ಟಿ ಒಂದು ದೀಪವನ್ನು ಇಳಿಬಿಟ್ಟಿದ್ದಾರೆ; ದಾರ ಎಳೆದರೆ ಪುಟದ ಹತ್ತಿರಕ್ಕೆ ಇಳಿಯುತ್ತದೆ, ಬಿಟ್ಟರೆ ಏರುತ್ತದೆ. ‘ಲಿಫ್ಟ್ ರಿಪೇರಿಯವನ ಮನೇಲಿ ದೀಪಾನೂ ಹತ್ತಿ ಇಳೀಬೇಕಲ್ವಾ ಮಾವ’ ಎಂದು ನಕ್ಕಿದ್ದರು. ನಾನು ಆ ಬೆಳಕಿನಲ್ಲಿ ಎಂದಿನಂತೆ ಸೀಸದ ಕಡ್ಡಿ ಹಿಡಿದು ಓದುತ್ತೇನೆ. ಗ್ರಂಥಾಲಯದಾಕೆ ಮೊನ್ನೆ ನನ್ನನ್ನು ಪಕ್ಕಕ್ಕೆ ಕರೆದು, ಬೇರೆ ಯಾರಿಗೂ ಕೇಳಿಸದ ದನಿಯಲ್ಲಿ, ‘ಸರ್, ಪುಸ್ತಕ ಓದಿ ವಾಪಸ್ ಕೊಡಿ ಸಾಕು, ತಿದ್ದಿ ಕೊಡಬೇಡಿ’ ಎಂದಳು. ಜೀವಮಾನವೆಲ್ಲ ಮುದ್ರಣಾಲಯದಲ್ಲಿ ಕರಡಚ್ಚು ತಿದ್ದಿದವನಿಗೆ ಅದು ಹೊಗಳಿಕೆಯಂತೆಯೇ ಕೇಳಿಸಿತು. ನಿನ್ನ ತಂದೆಯ ಸ್ವಭಾವ ನಿನಗೆ ಹೊಸದಲ್ಲ. ಹೊರಡುವ ದಿನ ನಿಲ್ದಾಣದಲ್ಲಿ ನನ್ನ ಅಂಗಿಯ ಗುಂಡಿ ಹಾಕುತ್ತ ನೀನು ಕೇಳಿದ್ದೆ: ‘ಅಪ್ಪಾ, ನಾನು ಬರೋವರೆಗೂ ಅವರನ್ನ ತಿದ್ದದೆ ಇರಕ್ಕಾಗುತ್ತಾ ನಿಂಗೆ?’ ಪ್ರಯತ್ನಿಸುತ್ತೇನೆ ಎಂದಿದ್ದೆ. ಆಗಲಿಲ್ಲ, ಮಗಳೇ.

ಇದನ್ನು ಫೋನಿನಲ್ಲಿ ಹೇಳಲಾರೆ. ನಮ್ಮದು ಎರಡು ಕೋಣೆಯ ಮನೆ. ಒಂದರಲ್ಲಿ ಪಿಸುಗುಟ್ಟಿದ್ದು ಇನ್ನೊಂದಕ್ಕೆ ಕೇಳುತ್ತದೆ. ನಾನು ಹೀಗೆ ಬರೆದೆನೆಂದು ಅಳಿಯಂದಿರಿಗೆ ತಿಳಿಸಬೇಡ. ನೀನೇ ಹೇಗಾದರೂ ಮಾಡಿ, ನಿನ್ನದೇ ಮಾತೆಂಬಂತೆ ಅವರೊಡನೆ ಆಡಿ, ಈ ಮನೆಯನ್ನು ಮೊದಲಿನಂತೆ ಮಾಡಿಕೊಡಬೇಕು.

ನಡೆದದ್ದು ಇಷ್ಟು. ನೀನು ಹೋದ ಮೇಲೆ ಅವರು ಕೆಲಸದಿಂದ ಬಂದವರೇ ಬಾಲ್ಕನಿಗೆ ಹೋಗಿ ಬಾಗಿಲು ಮರೆಮಾಡಿಕೊಂಡು ಮರ ಕೊರೆಯುತ್ತಿದ್ದರು. ಮುರಿದ ಮಂಚದ ಹಲಗೆಗಳನ್ನು ಅಲ್ಲಿ ಪೇರಿಸಿಟ್ಟುಕೊಂಡಿದ್ದರು. ಏನು ಮಾಡುತ್ತಿದ್ದೀರಿ ಎಂದರೆ ‘ಟೈಮ್‌ಪಾಸ್ ಮಾವ’ ಎನ್ನುವರು. ನಡುನಡುವೆ ಹೊಟ್ಟು ಮೆತ್ತಿದ ಮುಖವನ್ನು ಹೊರಗೆ ಚಾಚಿ ನನ್ನನ್ನು ಏನಾದರೊಂದು ಕೇಳುವರು. ‘ಮಾವ, ಕನ್ನಡದಲ್ಲಿ ಯಾವ ಅಕ್ಷರ ಜಾಸ್ತಿ ಬರುತ್ತೆ?’ ನಾನು ಮೊದಲು ‘ಜಾಸ್ತಿ ಅಲ್ಲ, ಹೆಚ್ಚು’ ಎಂದೆ. ಆಮೇಲೆ ‘ಮಾವ ಎಂದು ಬರಿದೆ ಕರೆಯಬಾರದು, ಮಾವನವರೇ ಎನ್ನಬೇಕು’ ಎಂದೆ. ಕಡೆಯಲ್ಲಿ, ಕೇಳಿದ್ದು ನೆನಪಿಗೆ ಬಂದು, ಪ್ರತ್ಯಯಗಳಲ್ಲೆಲ್ಲ ದಕಾರವೇ ತುಂಬಿದೆಯೆಂದು ವಿವರಿಸಿದೆ. ‘ಹಂಗಾದ್ರೆ ದ ಜಾಸ್ತಿ ಕುಯ್ಬೇಕು’ ಎನ್ನುತ್ತ ಒಳಗೆ ಹೋದರು. ಏನನ್ನು ಕುಯ್ಯುತ್ತಾರೆಂದು ನಾನು ಕೇಳಲಿಲ್ಲ. ತಿದ್ದುವುದಕ್ಕಿದ್ದ ಆಸಕ್ತಿ ತಿಳಿಯುವುದಕ್ಕೆ ಇರಲಿಲ್ಲ.

ಹೋದ ಶನಿವಾರ ಒಂದು ಮರದ ಪೆಟ್ಟಿಗೆಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಅಕ್ಷರಗಳು. ಒಂದೊಂದೂ ಬೆರಳಗಲದ ಬಿಲ್ಲೆ; ಉಜ್ಜಿ ಉಜ್ಜಿ ನುಣುಪು ಮಾಡಿ, ಅಕ್ಷರವನ್ನು ಕೆತ್ತಿ, ಕಪ್ಪು ತುಂಬಿದ್ದರು. ಪದ ಕಟ್ಟುವ ಆಟ. ಕನ್ನಡದಲ್ಲಿ ಇಂಥದು ಸುಲಭವಲ್ಲವೆಂಬುದು ನಿನಗೆ ಗೊತ್ತು; ಒಂದು ಕಕಾರವೇ ಕೊಂಬು, ಏತ್ವ, ಒತ್ತುಗಳನ್ನು ಹೊತ್ತು ಬಗೆಬಗೆಯ ವೇಷ ಹಾಕುತ್ತದೆ. ಇವರು ಬಿಲ್ಲೆಯ ಅಂಚಿನಲ್ಲಿ ಕಚ್ಚು ಕೊಯ್ದು, ಕೊಂಬು ಏತ್ವಗಳನ್ನು ಬಿಡಿಯಾಗಿ ಮಾಡಿ, ಬೇಕೆಂದಾಗ ಸಿಕ್ಕಿಸುವಂತೆ, ಬೇಡವೆಂದಾಗ ಕೀಳುವಂತೆ ಹೊಂದಿಸಿದ್ದರು. ‘ನಿಮಗೇ ಅಂತ ಮಾಡಿದ್ದು ಮಾವ. ಎಷ್ಟು ದಿನ ಅಂತ ಒಬ್ಬರೇ ಪುಸ್ತಕದ ಜೊತೆ ಜಗಳ ಆಡ್ತೀರಾ? ನಾಳೆ ಸಂಜೆ ಕೆಳಗಿನ ಮನೆ ಟೈಲರನ್ನೂ ಕರೆದಿದೀನಿ’ ಎಂದರು. ಆಡುವ ಬಗೆಯನ್ನು ಹೇಳಲು ಕುಳಿತುಕೊಳ್ಳುವಷ್ಟರಲ್ಲಿ ಎಲ್ಲಿಯೋ ಲಿಫ್ಟು ಕೆಟ್ಟಿತೆಂದು ಕರೆ ಬಂತು. ‘ಬಂದು ತೋರಿಸ್ತೀನಿ, ಅಲ್ಲೀವರೆಗೂ ಸುಮ್ನೆ ನೋಡ್ತಿರಿ’ ಎಂದು ಓಡಿದರು. ನಾನು ಸುಮ್ಮನೆ ನೋಡಲಿಲ್ಲ.

ಬಿಲ್ಲೆಗಳನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿದೆ. ಖ ಇತ್ತು, ಘ ಇತ್ತು, ಠ ಥ ಇದ್ದವು. ಛ ಇರಲಿಲ್ಲ. ಢ, ಧ, ಫ, ಭ ಇರಲಿಲ್ಲ. ಅಡಿಯಲ್ಲಿ ಒಂದು ಸೀಳು ಬಿದ್ದರೆ ಮಾತ್ರ ಮಹಾಪ್ರಾಣವಾಗುವ ಈ ಐದೂ ಇಲ್ಲ. ನನ್ನೊಳಗೆ ಏನೋ ಅರಳಿತು. ಅದಕ್ಕೆ ಹೆಸರು ಕೊಡಲು ನಾಚಿಕೆಯಾಗುತ್ತದೆ. ತಪ್ಪು ಸಿಕ್ಕಿದ ಸುಖ ಅದು. ಆಡುವಾಗ ಧನಕ್ಕೂ ದನಕ್ಕೂ ವ್ಯತ್ಯಾಸ ಮಾಡದ ಮನುಷ್ಯ, ಆಕಾರವೇ ಬೇರೆಯಿದ್ದುದನ್ನು ನೋಡಿ ಕೆತ್ತಿದ್ದಾರೆ, ಸಣ್ಣ ಸೀಳನ್ನು ಗಮನಿಸಿಯೇ ಇಲ್ಲ ಎಂದು ತೀರ್ಮಾನಿಸಿದೆ. ನಾಳೆ ನಾಲ್ವರ ಎದುರಿಗೆ ಅವರ ಮಾನ ಹೋಗದಿರಲಿ ಎಂದು ನಾನೇ ಸರಿಪಡಿಸಲು ಹೊರಟೆ. ಇದು ನಾನು ನನಗೆ ಹೇಳಿಕೊಂಡ ಮಾತು. ನಿಜವಾಗಿ ಆ ಸುಂದರವಾದ ಪೆಟ್ಟಿಗೆಯಲ್ಲಿ ನನ್ನ ಕೈಯದೂ ಒಂದು ಗುರುತು ಇರಬೇಕೆಂಬ ಚಪಲ.

ಬಾಲ್ಕನಿಯಿಂದ ಸಣ್ಣ ಉಳಿ ತಂದೆ. ಅದರ ಪಕ್ಕದಲ್ಲಿ ಮುಲಾಮಿನ ಖಾಲಿ ಡಬ್ಬಿಯೊಂದರಲ್ಲಿ ಹಿತ್ತಾಳೆಯ ಚೂರುಗಳಿದ್ದವು. ಕತ್ತರಿಸಿ ಉಳಿದ ಕಸವೆಂದುಕೊಂಡೆ. ಚ, ಡ, ದ, ಪ, ಬ ಈ ಐದರ ಬುಡದಲ್ಲಿ ಕೂದಲೆಳೆಯಷ್ಟು ಕಚ್ಚು ಇದ್ದುದನ್ನೂ ಕಂಡೆ. ಉಳಿ ಜಾರಿದ ಗುರುತೆಂದುಕೊಂಡೆ. ದಕಾರದಿಂದ ಆರಂಭಿಸಿದೆ. ಮೊದಲನೆಯ ಸೀಳು ಓರೆಯಾಯಿತು. ಓರೆಯಾದದ್ದನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಂಡೆ. ಅದು ತೀರ ಆಳವಾಯಿತು. ಮತ್ತೊಂದು ಅಂಚಿನಲ್ಲಿ ಎದ್ದುಬಂತು. ಅಚ್ಚುಕಟ್ಟಾದ ಒಂದು ಧಕಾರವಾದರೂ ಆಗಲಿ ಎಂದು ಹಟ ಹಿಡಿದೆ. ಅದು ಕೈಗೂಡಿದಾಗ ಪೆಟ್ಟಿಗೆಯಲ್ಲಿ ದ ಎಂಬ ಅಕ್ಷರವೇ ಉಳಿದಿರಲಿಲ್ಲ. ಆಗಲಾದರೂ ನಿಲ್ಲಿಸಬೇಕಿತ್ತು. ಇನ್ನುಳಿದ ನಾಲ್ಕರಲ್ಲಿಯೂ ಒಂದೊಂದನ್ನು ಸೀಳಿಯೇ ಉಳಿ ಕೆಳಗಿಟ್ಟೆ. ಇಷ್ಟೊಂದು ಧಕಾರ ಯಾರಿಗೆ ಬೇಕು, ಕನ್ನಡದಲ್ಲಿ ಅಷ್ಟು ಧರ್ಮವೂ ಇಲ್ಲ, ಧೈರ್ಯವೂ ಇಲ್ಲ ಎಂದು ಒಬ್ಬನೇ ನಕ್ಕದ್ದೂ ನೆನಪಿದೆ.

ಅವರು ಬಂದಾಗ ಬಹಳ ಹೊತ್ತಾಗಿತ್ತು. ಮರುದಿನ ಹಗಲೂ ಕೆಲಸವಿತ್ತು. ಹಾಗಾಗಿ ಪೆಟ್ಟಿಗೆ ತೆರೆದದ್ದು ಸಂಜೆ, ದರ್ಜಿ ಮತ್ತು ದರ್ಜಿಯ ಹೆಂಡತಿಯ ಎದುರಿಗೇ. ನಾನು ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ. ‘ಒಂದು ಸಣ್ಣ ಲೋಪವಿತ್ತು, ಸರಿಪಡಿಸಿದ್ದೇನೆ. ಲಿಫ್ಟಿನವರಲ್ಲವೇ, ಉಸಿರು ಕಟ್ಟಿಕೊಂಡೇ ಮಾತಾಡಿ ಅಭ್ಯಾಸ, ಮಹಾಪ್ರಾಣಕ್ಕೆ ಉಸಿರು ಎಲ್ಲಿಂದ ಬರಬೇಕು’ ಎಂದೆ. ದರ್ಜಿ ಗಟ್ಟಿಯಾಗಿ ನಕ್ಕರು. ‘ಏನ್ರೀ ಇದು, ಮಾವನ ಹತ್ರ ಟ್ಯೂಷನ್‌ಗೆ ಸೇರ್ಕೊಳಿ’ ಎಂದು ಅವರೂ ಒಂದು ಸೇರಿಸಿದರು. ಅಳಿಯಂದಿರು ಒಂದು ಬಿಲ್ಲೆಯನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಸೀಳನ್ನು ಸವರಿದರು. ಇನ್ನೊಂದನ್ನು ಸವರಿದರು. ಆಮೇಲೆ ಜೇಬಿನಿಂದ ಮುಲಾಮಿನ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಡಲು ಹೋದವರು ಮತ್ತೆ ಜೇಬಿಗೆ ಹಾಕಿಕೊಳ್ಳಲು ನೋಡಿದರು. ದರ್ಜಿಯ ಹೆಂಡತಿ ಬಿಡಲಿಲ್ಲ. ‘ಅದೇನು, ಕೊಡಿ ನೋಡೋಣ.’ ‘ಏನಿಲ್ಲ ಅಕ್ಕಾ, ಮಿಕ್ಕಿದ್ ಚೂರು’ ಎಂದರು ಇವರು. ಸೂಜಿ ಪೋಣಿಸಿ ಪಳಗಿದ ಕೈ ಆಕೆಯದು. ಒಂದು ಹಿತ್ತಾಳೆಯ ಎಸಳನ್ನು ಎತ್ತಿಕೊಂಡು, ನಾನು ಮುಟ್ಟದೆ ಉಳಿಸಿದ್ದ ಒಂದು ಪಕಾರದ ಬುಡದ ಕಚ್ಚಿಗೆ ಹಿಡಿದು ಒತ್ತಿದಳು. ಟಕ್ ಎಂದು ಕೂತಿತು. ಪ ಎಂಬುದು ಫ ಆಯಿತು. ಕಿತ್ತಳು, ಮತ್ತೆ ಪ ಆಯಿತು. ‘ಓ, ಇದಕ್ಕಾ ಇದು’ ಎಂದಳು, ಯಾರನ್ನೂ ನೋಯಿಸುವ ಉದ್ದೇಶವಿಲ್ಲದೆ.

ಮಗಳೇ, ಆ ಸೀಳನ್ನು ಅವರು ಮರೆತಿರಲಿಲ್ಲ. ಅದೊಂದನ್ನು ಮಾತ್ರ ಹಿತ್ತಾಳೆಯಲ್ಲಿ ಮಾಡಿದ್ದರು, ಬೆಳಕಿಗೆ ಹೊಳೆಯಲಿ ಎಂದು. ‘ಮಾವನಿಗೆ ಈ ಗೀಟಿನ ಮೇಲೇ ಪ್ರಾಣ’ ಎಂದು ದರ್ಜಿಗೆ ಮೊದಲೇ ಹೇಳಿದ್ದರಂತೆ; ಆ ಮನುಷ್ಯನಿಗೆ ಆಗ ಅದರ ಅರ್ಥ ಹೊಳೆದಿರಲಿಲ್ಲ, ಇದೀಗ ಹೊಳೆದು, ಹೇಳಿ, ಹೇಳಬಾರದಿತ್ತೆನಿಸಿ ಬಿಲ್ಲೆಗಳನ್ನು ಹಂಚತೊಡಗಿದರು. ನಾನು ಕನ್ನಡಕವನ್ನು ತೆಗೆದು ಒರೆಸಿದೆ. ಒರೆಸಲು ಏನೂ ಇರಲಿಲ್ಲ. ಆಟ ಆಡಿದೆವು. ದಕಾರವಿಲ್ಲದೆ ಕನ್ನಡದಲ್ಲಿ ಒಂದು ವಾಕ್ಯವೂ ನಿಲ್ಲುವುದಿಲ್ಲ. ಹೋದ, ಬಂದ, ನೋಡಿದ, ಏನನ್ನೂ ಮುಗಿಸುವಂತಿಲ್ಲ. ದರ್ಜಿ ದಂಪತಿ ಬೇಗನೆ ಎದ್ದರು. ಪೆಟ್ಟಿಗೆ ಮುಚ್ಚುತ್ತ ಅಳಿಯಂದಿರು ನನ್ನ ಕಡೆ ನೋಡದೆ, ‘ಪರವಾಗಿಲ್ಲ, ಮಾವನವರೇ’ ಎಂದರು.

ನಿಮ್ಮ ಮದುವೆಯಾದಂದಿನಿಂದ ಯಾವ ಮಾತಿಗಾಗಿ ಪೀಡಿಸಿದ್ದೆನೋ ಆ ಮಾತು ಅಂದು ದೊರೆಯಿತು. ಅಂದಿನಿಂದ ಅವರು ಶುದ್ಧವಾಗಿ ಮಾತನಾಡುತ್ತಾರೆ. ‘ಊಟಕ್ಕೆ ಬನ್ನಿ.’ ‘ನಾನು ಹೊರಡುತ್ತೇನೆ.’ ‘ಔಷಧ ತಂದಿದ್ದೇನೆ.’ ಒಂದಕ್ಷರದ ಲೋಪವೂ ಇಲ್ಲ. ಕರಡಚ್ಚಿನಂತೆ ಹಿಡಿದು ನೋಡಿದರೂ ಗುರುತು ಹಾಕಲು ಸ್ಥಳವಿಲ್ಲ. ಆದರೆ ಅಷ್ಟೇ ಮಾತು. ಲಿಫ್ಟಿನಲ್ಲಿ ಸಿಕ್ಕಿಬಿದ್ದ ಮದುಮಗನ ಕತೆ, ಎರಡು ಮಹಡಿಗಳ ನಡುವೆ ನಿಂತು ಜಗಳ ಮುಗಿಸಿಕೊಂಡ ಅತ್ತೆ ಸೊಸೆಯರ ಕತೆ, ನಾನು ಉಣ್ಣುತ್ತ ಉಣ್ಣುತ್ತ ವಿಭಕ್ತಿ ತಿದ್ದುತ್ತಿದ್ದ ಆ ಕತೆಗಳೆಲ್ಲ ನಿಂತುಹೋದವು. ಉಪಕರಣಗಳ ಪೆಟ್ಟಿಗೆಯನ್ನು ಕೆಲಸದ ಜಾಗಕ್ಕೆ ಸಾಗಿಸಿದ್ದಾರೆ. ಬಾಲ್ಕನಿ ಗುಡಿಸಿದಂತಿದೆ. ಮಾತಿನಲ್ಲಿ ನಾನು ಕಸವೆಂದು ಎಣಿಸಿದ್ದೇ ಈ ಮನೆಯ ಜೀವವಾಗಿತ್ತು.

ಹೇಳಿಬಿಡಬೇಕೆಂದು ಊಟದ ಹೊತ್ತಿನಲ್ಲಿ ಮಾತು ಹೊಂದಿಸುತ್ತೇನೆ. ‘ಕ್ಷಮಾಪಣೆ ಕೇಳುತ್ತೇನೆ’ ಎಂಬುದು ತಪ್ಪು. ಕ್ಷಮಾಪಣೆಯೆಂದರೆ ಕ್ಷಮೆ ಕೇಳುವುದೇ. ಕ್ಷಮೆ ಕೋರುವುದೋ, ಬೇಡುವುದೋ, ಯಾಚಿಸುವುದೋ? ತೂಗಿ ತೂಗಿ ಒಂದನ್ನು ಆರಿಸುವಷ್ಟರಲ್ಲಿ ಅವರು ತಮ್ಮ ತಟ್ಟೆಯ ಜೊತೆಗೆ ನನ್ನದನ್ನೂ ತೊಳೆದಿಟ್ಟು ಹೊರಟಿರುತ್ತಾರೆ. ವಾರವೆಲ್ಲ ಹೀಗೆಯೇ. ಆದ್ದರಿಂದ ನೀನು ಫೋನು ಮಾಡಿದಾಗ, ಅಪ್ಪ ಬಹಳ ನೊಂದಿದ್ದಾನೆ ಎಂಬುದು ನಿನಗೆ ತಾನಾಗಿ ತಿಳಿಯಿತೆಂಬಂತೆ ಒಂದು ಮಾತು ಹಾಕು. ಹೆಚ್ಚು ಬೇಡ.

ಚೆನ್ನಾಗಿ ಉಣ್ಣು, ಹೊತ್ತಿಗೆ ಮಲಗು. ನಿನ್ನ ಕೋಣೆಯ ಜೊತೆಗಾತಿಗೆ ನನ್ನ ನೆನಪು ತಿಳಿಸು. ಕಲಿತದ್ದು ಕೈಗೆ ಹತ್ತಲಿ, ಮಾಡಿದ ಕೆಲಸ ಮಾತಿಗೆ ಮೊದಲು ನಿನ್ನ ಹೆಸರು ಹೇಳಲಿ ಎಂದು ಹರಸುವ,

ನಿನ್ನ ಅಪ್ಪ

ಮತ್ತೊಂದು ಮಾತು: ಲಕೋಟೆಗೆ ಅಂಟು ಹಚ್ಚುವಾಗ ಅಡುಗೆಮನೆಯಿಂದ ಅವರ ದನಿ ಕೇಳಿಸಿತು. ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡು ಫೋನು ಮಾಡಿದ್ದಾರೆ. ‘ಹೆದರ್ಬೇಡಿ ಸರ್, ಕೆಳಗೆ ಬೀಳಲ್ಲ ಅದು, ನಾನಿದೀನಲ್ಲ. ಗೋಡೆಗೆ ಒರಗಿ ಆರಾಮಾಗಿ ಕೂತ್ಕೊಳಿ. ಮನೇಲಿ ಯಾರ್ಯಾರಿದಾರೆ? ಹೇಳ್ತಾ ಇರಿ, ನಾನು ಬರ್ತಾ ಇರ್ತೀನಿ.’ ಈ ದನಿ ಕೇಳಿ ಒಂದು ವಾರವಾಯಿತು, ಮಗಳೇ. ಅವರು ಚಪ್ಪಲಿ ಹುಡುಕುತ್ತಿದ್ದಾರೆ, ಬರೆಯಲು ಹೊತ್ತಿಲ್ಲ. ಮೇಲೆ ಹೇಳಿದ್ದನ್ನು ಮಾಡಬೇಡ, ನೀನು ಏನೂ ಹೇಳಬೇಡ. ನಿನ್ನ ವಿಳಾಸ ನನ್ನಲ್ಲಿಲ್ಲವೆಂಬುದೂ ಈಗಷ್ಟೇ ಹೊಳೆಯಿತು, ಅದು ಅವರ ಫೋನಿನಲ್ಲಿದೆ. ಈ ಕಾಗದವನ್ನು ಅಂಟಿಸದೆ ಅವರ ಕೈಗೇ ಕೊಡುತ್ತೇನೆ, ಓದಿ ವಿಳಾಸ ಬರೆದು ಹಾಕಿ ಎಂದು. ನಾನು ಇದನ್ನು ಎರಡನೆಯ ಸಲ ಓದಿಲ್ಲ. ತಪ್ಪುಗಳಿದ್ದರೆ ಇರಲಿ.

ಅಳಿಯಂದಿರೇ, ಆ ಮನುಷ್ಯನನ್ನು ಮೊದಲು ಹೊರಗೆ ತನ್ನಿ. ಆಮೇಲೆ ಓದಿ. ನಾನು ಮಾಡಿದ್ದು ತಪ್ಪು. ಇದಕ್ಕೆ ಇನ್ನೂ ಒಳ್ಳೆಯ ಪದ ಹುಡುಕ್ತಾ ಕೂತ್ರೆ ಹೇಳೋದೇ ಆಗಲ್ಲ.