ಇನ್ನೂ ಮೂರೂವರೆ ಕಿಲೋ

ವೇಬ್ರಿಡ್ಜ್ ಕ್ಯಾಬಿನ್,
ಸೋಮವಾರ, ಮಾರ್ಚ್ ಹತ್ತು, ಬೆಳಗಿನ ಒಂಬತ್ತೂವರೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಶನಿವಾರ ಡಯಾಲಿಸಿಸ್ ಮುಗಿದ ಮೇಲೆ ತಲೆಸುತ್ತು ಕಡಿಮೆ ಇತ್ತು ಎಂದು ಅತ್ತೆ ಹೇಳಿದಳು. ಕಾಲಿನ ಊತ ಇಳಿದಿದೆಯೇ? ಸೂಜಿ ಚುಚ್ಚುವ ಜಾಗ ಮತ್ತೆ ಕೆಂಪಾಗಿದೆಯಂತೆ. ನರ್ಸಿಗೆ ತೋರಿಸು, ಏನಿಲ್ಲ ಬಿಡಿ ಎಂದು ತೋಳು ಮುಚ್ಚಿಕೊಳ್ಳಬೇಡ. ಕಿಟಕಿ ಪಕ್ಕದ ಮಂಚವನ್ನು ಅತ್ತೆ ನಿನಗೇ ಬಿಟ್ಟುಕೊಟ್ಟಿದ್ದಾಳೆಂದು ಕೇಳಿ ಸಂತೋಷವಾಯಿತು. ಗೊರಕೆಯ ವಿಷಯದಲ್ಲಿ ಮಾತ್ರ ಅವಳು ನನ್ನ ಒಡಹುಟ್ಟಿದವಳೇ, ಸ್ವಲ್ಪ ಹೊಂದಿಕೊಂಡು ಹೋಗು. ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಸಕ್ಕರೆ ಹತೋಟಿಯಲ್ಲಿದೆ, ನಾಲಿಗೆ ಇನ್ನೂ ಹತೋಟಿಗೆ ಬಂದಿಲ್ಲ.

ಫೋನ್ ಇರುವಾಗ ಅಪ್ಪ ಕಾಗದ ಬರೆಯುತ್ತಿದ್ದಾನಲ್ಲ ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನಾನು ಹಲೋ ಅನ್ನುವುದರೊಳಗೆ ನೀನು ‘ಏನಾಯ್ತಪ್ಪ’ ಅನ್ನುತ್ತೀಯ, ನಾನು ‘ಏನಿಲ್ಲಮ್ಮ’ ಅನ್ನುತ್ತೇನೆ, ಅಲ್ಲಿಗೆ ಮಾತು ಮುಗಿದೇ ಹೋಗುತ್ತದೆ. ಇವತ್ತು ಹಾಗಾಗಬಾರದು. ಮೊದಲನೇ ಹಾಳೆಯಲ್ಲಿ ಅಭ್ಯಾಸ ಬಲದಿಂದ ‘ಗುಂಡಮ್ಮ’ ಎಂದು ಶುರು ಮಾಡಿದ್ದೆ. ಅದನ್ನು ಹರಿದು ಹಾಕಿ ಇದನ್ನು ತೆಗೆದುಕೊಂಡಿದ್ದೇನೆ. ಯಾಕೆಂದು ಮುಂದೆ ಬರೆಯುತ್ತೇನೆ, ಧೈರ್ಯ ಉಳಿದಿದ್ದರೆ.

ಮೊದಲು ನನ್ನ ತೂಕದ ಸಮಾಚಾರ. ನನ್ನ ಕಿಡ್ನಿ ನಿನಗೆ ಹೊಂದುತ್ತದೆ ಎಂದ ದಿನ ಡಾಕ್ಟರು ಅದೇ ಉಸಿರಿನಲ್ಲಿ ‘ಒಂಬತ್ತು ಕಿಲೋ ಇಳಿಸ್ಕೊಂಡು ಬನ್ನಿ, ಈ ಹೊಟ್ಟೆಗೆ ನಾನು ಕೈ ಹಾಕಲ್ಲ’ ಎಂದರಲ್ಲ. ತೊಂಬತ್ತಾರರಿಂದ ಎಂಬತ್ತೇಳಕ್ಕೆ, ಮಾರ್ಚ್ ಇಪ್ಪತ್ತೇಳರೊಳಗೆ. ಅಷ್ಟೇನಾ ಅನ್ನಿಸಿತ್ತು. ಇಪ್ಪತ್ತೆರಡು ವರ್ಷದಿಂದ ಈ ಕುರ್ಚಿಗೆ ಅಂಟಿಕೊಂಡು ಕಲ್ಲು, ಸಿಮೆಂಟು, ಕಬ್ಬಿಣದ ಲಾರಿಗಳನ್ನು ತೂಗುತ್ತಿರುವವನು ನಾನು. ನಮ್ಮ ಯಂತ್ರ ಅಂಕಿ ತೋರಿಸುವುದೇ ಹತ್ತು ಹತ್ತು ಕಿಲೋ ಲೆಕ್ಕದಲ್ಲಿ. ಒಂಬತ್ತು ಕಿಲೋ ಹೆಚ್ಚಾದರೂ ಕಡಿಮೆಯಾದರೂ ಅದರ ಕಣ್ಣಿಗೆ ಬೀಳುವುದಿಲ್ಲ. ಅದೇ ಒಂಬತ್ತು ಕಿಲೋ ಮೈಮೇಲಿಂದ ಇಳಿಯುವಾಗ ಎಷ್ಟು ದೊಡ್ಡದು ಎಂದು ಈ ವಯಸ್ಸಿನಲ್ಲಿ ತಿಳಿಯಿತು.

ಪಥ್ಯದ ಮೇಡಂ ಬರೆದುಕೊಟ್ಟ ಪಟ್ಟಿಯನ್ನು ಅಮ್ಮ ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾಳೆ. ಬೆಳಿಗ್ಗೆ ಒಂದು ಮೊಟ್ಟೆ, ಎರಡು ಚೂರು ಬ್ರೆಡ್ಡು. ಮಧ್ಯಾಹ್ನ ಬೇಯಿಸಿದ ತರಕಾರಿ, ಅದರ ಜೊತೆ ಅಮ್ಮನ ಕಾವಲು. ಟೀಗೆ ಸಕ್ಕರೆ ಬಿಟ್ಟಿದ್ದೇನೆ. ತೂಕದ ಹಲಗೆಯಿಂದ ಒಂದು ಲಾರಿ ಇಳಿದು ಇನ್ನೊಂದು ಹತ್ತುವ ನಡುವೆ ಅಂಗಳದಲ್ಲಿ ಸುತ್ತು ಹಾಕುತ್ತೇನೆ, ದಿನಕ್ಕೆ ನಲವತ್ತು ಸುತ್ತು. ಡ್ರೈವರುಗಳು ‘ಯಜಮಾನ್ರೇ, ಏನಾದ್ರೂ ಕಳ್ಕೊಂಡ್ರಾ’ ಎಂದು ಕೇಳಿದರೆ, ಇನ್ನೂ ಕಳ್ಕೊಂಡಿಲ್ಲ, ಅದಕ್ಕೇ ಒದ್ದಾಡ್ತಿದೀನಿ ಅನ್ನುತ್ತೇನೆ. ಮೊದಲ ಏಳು ವಾರದಲ್ಲಿ ಐದೂವರೆ ಕಿಲೋ ಇಳಿಯಿತು. ಆಮೇಲೆ ನಿಂತಿತು ನೋಡು. ಮೂರು ವಾರದಿಂದ ತೊಂಬತ್ತೂವರೆ. ಎರಡು ಚೂರು ಬ್ರೆಡ್ಡನ್ನು ಒಂದು ಮಾಡಿದೆ, ನಲವತ್ತು ಸುತ್ತನ್ನು ಅರವತ್ತು ಮಾಡಿದೆ. ಮುಳ್ಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅಮ್ಮ ನಾನು ಹೊರಗೆ ಕದ್ದು ತಿನ್ನುತ್ತಿದ್ದೇನೆಂದು ನನ್ನ ಅಂಗಿಯ ಜೇಬು ಮೂಸಿದಳು. ಅವಳ ಮೇಲೆ ರೇಗಿದೆ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಊಟಕ್ಕೆ ಕುಳಿತೆವು.

ಇನ್ನು ಹದಿನೇಳು ದಿನ, ಮೂರೂವರೆ ಕಿಲೋ. ಕಳೆದ ವಾರ ಸಿಮೆಂಟು ಲಾರಿಯ ಮೀಸೆ ಡ್ರೈವರ್ ಒಂದು ದಾರಿ ಹೇಳಿದ. ತೂಕ ಇಳಿಸುವ ಮಾತ್ರೆ, ಡಾಕ್ಟರ ಚೀಟಿ ಬೇಡ, ಪಥ್ಯ ನಡಿಗೆ ಎಲ್ಲ ಹಾಗೇ ಇರಲಿ, ಇದನ್ನೂ ಸೇರಿಸಿಕೊಂಡರೆ ಹದಿನೈದು ದಿನದಲ್ಲಿ ನಾಲ್ಕು ಕಿಲೋ ಗ್ಯಾರಂಟಿ ಎಂದ. ಅವನ ಹೆಂಡತಿಯ ತಂಗಿ ಮದುವೆಗೆ ಮುಂಚೆ ತೆಗೆದುಕೊಂಡಿದ್ದಳಂತೆ. ಹೊರಗಿನದು ಏನು ನುಂಗುವುದಿದ್ದರೂ ಮೊದಲು ಕೇಳಿ ಎಂದು ಪಥ್ಯದ ಮೇಡಂ ಬೆರಳು ತೋರಿಸಿ ಹೇಳಿದ್ದರು. ನಾನು ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆಂದು ಗೊತ್ತಿತ್ತು. ಕೇಳದಿದ್ದರೆ ಯಾರೂ ಬೇಡ ಅಂದ ಹಾಗಾಗುವುದಿಲ್ಲವಲ್ಲ. ನಾಲ್ಕು ದಿನ ಇದನ್ನೇ ತಲೆಯಲ್ಲಿ ತಿರುವಿ ಹಾಕಿದೆ. ಎರಡು ಕಿಡ್ನಿಯಲ್ಲಿ ಒಂದು ಈಗಾಗಲೇ ನಿನ್ನದು, ನಾನು ಅದರ ಕಾವಲುಗಾರ ಮಾತ್ರ, ಅದಿರುವ ಮನೆಗೆ ಗೊತ್ತಿಲ್ಲದ್ದನ್ನು ಬಿಟ್ಟುಕೊಳ್ಳಬಹುದೇ ಅನ್ನಿಸುತ್ತಿತ್ತು. ಮರುಗಳಿಗೆಗೆ, ಇಪ್ಪತ್ತೇಳು ತಪ್ಪಿಹೋದರೆ ಆ ಕಾವಲು ಇಟ್ಟುಕೊಂಡು ಏನು ಮಾಡಲಿ ಅನ್ನಿಸುತ್ತಿತ್ತು.

ಶನಿವಾರ ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಸ್ಟೇಷನ್ ರಸ್ತೆಯ ಔಷಧದ ಅಂಗಡಿಗೆ ಹೋದೆ. ಅಂಗಡಿಯ ಅಕ್ಕ ನಿನಗೆ ಗೊತ್ತಲ್ಲ, ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡು ಎಲ್ಲಿ ಹೋಯಿತೆಂದು ಹುಡುಕುವವಳು. ನಿನ್ನ ಕಾಯಿಲೆಯ ವಿಷಯ ಊರಿನಲ್ಲಿ ಯಾರಿಗೂ ಹೇಳಬೇಡಿ ಎಂದು ನೀನು ಮಾತು ತೆಗೆದುಕೊಂಡಿದ್ದೆ, ಅವಳಿಗೂ ಹೇಳಿರಲಿಲ್ಲ. ನಾಚಿಕೊಂಡೇ ಕೇಳಿದೆ. ಹಸಿರು ಮುಚ್ಚಳದ ಡಬ್ಬಿ ತೆಗೆದು ಮುಂದಿಟ್ಟು ‘ಇದೇ ತಗೊಳ್ಳಿ, ನಿಮ್ಮ ಮಗಳೂ ಇದನ್ನೇ ಒಯ್ತಿದ್ದಿದ್ದು, ಕಾಲೇಜಿನ ದಿನದಿಂದ’ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ದುಡ್ಡು ಎಣಿಸಿ ಕೊಟ್ಟೆ. ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಬಂದುಬಿಟ್ಟೆ.

ಇಷ್ಟು ಚಿಕ್ಕ ವಯಸ್ಸಿಗೆ ಎರಡೂ ಕಿಡ್ನಿ ಯಾಕೆ ಹೋದವು ಎಂದು ಡಾಕ್ಟರು ನಿನ್ನನ್ನು ಎಷ್ಟು ಸಲ ಕೇಳಿದರು. ಬೇರೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದೆಯಾ ಎಂದಾಗಲೆಲ್ಲ ನೀನು ಇಲ್ಲ ಎಂದು ತಲೆಯಾಡಿಸಿದೆ. ನಾನು ದೊಡ್ಡ ಮನುಷ್ಯನ ಹಾಗೆ ಪಕ್ಕದಲ್ಲಿ ನಿಂತು, ‘ಅವಳು ತಲೆನೋವಿಗೂ ಮಾತ್ರೆ ನುಂಗೋಳಲ್ಲ ಸಾರ್’ ಎಂದು ಸಾಕ್ಷಿ ಹೇಳಿದೆ. ಆ ಮಾತ್ರೆಯಿಂದಲೇ ಆಯಿತೋ, ಬೇರೆ ಯಾವುದರಿಂದಲೋ, ನಾನು ಡಾಕ್ಟರಲ್ಲ. ಆದರೆ ನೀನು ಆ ಅಂಗಡಿಯ ಮೆಟ್ಟಿಲು ಯಾಕೆ ಹತ್ತಿದೆ ಎನ್ನುವುದಕ್ಕೆ ಯಾವ ಡಾಕ್ಟರೂ ಬೇಡ, ನನಗೆ ಗೊತ್ತು.

ಆಗ ನಿನಗೆ ಹದಿನಾಲ್ಕು. ಪರೀಕ್ಷೆ ಮುಗಿಸಿ ನನ್ನ ಊಟದ ಡಬ್ಬಿ ತಂದಿದ್ದೆ. ಅಂಗಳದಲ್ಲಿ ಎಂಟೋ ಹತ್ತೋ ಲಾರಿಗಳು, ಡ್ರೈವರುಗಳೆಲ್ಲ ನೆರಳಿಗೆ ನಿಂತಿದ್ದರು. ನೀನು ತೂಕದ ಹಲಗೆಯನ್ನು ದಾಟಿ ಬರುವಾಗ ನಾನು ಯಂತ್ರ ಚಾಲೂ ಮಾಡಿ, ಡ್ರೈವರುಗಳನ್ನು ಕರೆಯುವ ಮೈಕಿನಲ್ಲಿ, ‘ಎಪ್ಪತ್ತು ಕಿಲೋ, ಓವರ್ ಲೋಡ್, ಗಾಡಿ ಪಕ್ಕಕ್ಕೆ ಹಾಕಿ’ ಎಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನೂ ನಕ್ಕೆ. ಅದು ಸಾಲದೆಂದು ಚೀಟಿಯನ್ನೂ ಮುದ್ರಿಸಿ, ಸರಕು ಎಂದಿರುವ ಕಡೆ ಗುಂಡಮ್ಮ ಎಂದು ಬರೆದು ನಿನ್ನ ಕೈಗೆ ಕೊಟ್ಟೆ. ಅದನ್ನು ನೀನು ಕಪಾಟಿನ ಬಾಗಿಲಿನ ಒಳಮೈಗೆ ಅಂಟಿಸಿಕೊಂಡೆ. ಮಗಳಿಗೆ ನನ್ನ ತಮಾಷೆ ಹಿಡಿಸಿತು ಎಂದು ನಾನು ಹನ್ನೆರಡು ವರ್ಷ ಹಿಗ್ಗಿಕೊಂಡು ತಿರುಗಿದೆ. ನಿನ್ನೆ ಹೋಗಿ ನೋಡಿದೆ. ಅಂಕಿಗಳೆಲ್ಲ ಮಾಸಿ ಹೋಗಿವೆ, ಚೀಟಿ ಇನ್ನೂ ಇದೆ. ಬಟ್ಟೆ ತೆಗೆಯಲು ಬಾಗಿಲು ತೆರೆದಾಗಲೆಲ್ಲ ಅದು ನಿನ್ನ ಮುಖಕ್ಕೆ ಬರುವ ಎತ್ತರದಲ್ಲಿದೆ. ಆ ಕಪಾಟಿನ ಮುಂದೆ ಕುಳಿತು ಅತ್ತುಬಿಟ್ಟೆ, ಮಗಳೇ. ಅಮ್ಮ ಬಂದು ಕೇಳಿದಾಗ ಸೊಂಟ ಹಿಡಿದುಕೊಂಡಿದೆ ಎಂದೆ.

ತೂಕದ ಮುಳ್ಳು ಅಲುಗದೆ ನಿಂತಾಗ ಏನಾಗುತ್ತದೆ ಎಂದು ಈ ಮೂರು ವಾರದಲ್ಲಿ ನನಗೆ ಗೊತ್ತಾಗಿದೆ. ಐವತ್ತೆಂಟು ವರ್ಷದ ಗಂಡಸು, ಮಗಳಿಗೆ ಕೊಡಬೇಕಾದ ಕಿಡ್ನಿ ಮೈಯಲ್ಲಿಟ್ಟುಕೊಂಡೇ ಔಷಧದ ಅಂಗಡಿಗೆ ಓಡಿದೆ. ಹದಿನೆಂಟು ವರ್ಷದ ನೀನು ಓಡಿದ್ದರಲ್ಲಿ ಏನು ಆಶ್ಚರ್ಯ? ಆದ್ದರಿಂದ ನಿನ್ನ ಮೇಲೆ ಸಾಸಿವೆಯಷ್ಟೂ ಸಿಟ್ಟಿಲ್ಲ. ಡಬ್ಬಿಯನ್ನು ನಾನು ತೆರೆದಿಲ್ಲ, ತೆರೆಯುವುದೂ ಇಲ್ಲ. ನಡೆದೇ ಇಳಿಸುತ್ತೇನೆ. ಇಳಿಯದಿದ್ದರೆ ಡಾಕ್ಟರ ಮುಂದೆ ಕೈ ಮುಗಿದು ನಿಲ್ಲುತ್ತೇನೆ.

ಅತ್ತೆಗೆ ನನ್ನ ನೆನಪು ಹೇಳು. ನೀರನ್ನು ಅಳತೆ ಮೀರಿ ಕುಡಿಯಬೇಡ, ಬಿಸಿಲಿದೆ ಎಂದು ಆಸೆಯಾದರೂ ತುಟಿ ಒದ್ದೆ ಮಾಡಿಕೋ, ಅಷ್ಟೇ. ನೀನು ಹೇಗಿದ್ದೀಯೋ ಹಾಗೇ, ಎಷ್ಟಿದ್ದೀಯೋ ಅಷ್ಟೂ, ನಮಗೆ ಬೇಕು. ನೂರು ಕಾಲ ಬಾಳು.

ಇಂತು,
ನಿನ್ನ ಅಪ್ಪ

ಮತ್ತೊಂದು ಮಾತು: ಹೇಳಲೇಬೇಕಾದದ್ದನ್ನು ಬಿಟ್ಟು ಸಹಿ ಹಾಕಿಬಿಟ್ಟೆ. ಮೀಸೆ ಡ್ರೈವರ್ ನಿಮ್ಮ ಕಡೆಗೆ ಹೊರಟಿದ್ದಾನೆ, ಸಂಜೆಯೊಳಗೆ ಇದನ್ನು ಅತ್ತೆಯ ಮನೆಗೆ ತಲುಪಿಸುತ್ತಾನೆ. ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಂಗಡಿಯ ಅಕ್ಕ ಇನ್ನೊಂದು ಮಾತೂ ಹೇಳಿದಳು. ‘ಹೋದ ತಿಂಗಳು ಕೂಡ ಎರಡು ಡಬ್ಬಿ ಕಳಿಸಿದ್ದೆ, ಕೈ ಸೇರಿತಂತಾ’ ಎಂದಳು. ವಿಳಾಸ ಅತ್ತೆಯ ಮನೆಯದು. ಊತ ಬಂದು ಮುಖ ದಪ್ಪಗಾಗಿದೆ, ಕನ್ನಡಿ ನೋಡಲು ಮನಸ್ಸಾಗುವುದಿಲ್ಲ ಎಂದು ನೀನು ಹೇಳಿದ್ದೆ. ಅದು ನೀರಿನ ಊತ, ಮಗಳೇ, ಕೊಬ್ಬಲ್ಲ. ಆ ಡಬ್ಬಿಗಳನ್ನು ಇವತ್ತೇ ಅತ್ತೆಯ ಕೈಗೆ ಕೊಡು. ಇವತ್ತು ಬೆಳಿಗ್ಗೆ ಎಂಟು ಗಂಟೆಗೆ ನಾನು ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದ್ದೇನೆ, ನಿನ್ನನ್ನು ಕೇಳದೆ. ನನ್ನ ಹತ್ತಿರವಿರುವ ಡಬ್ಬಿಯನ್ನು ಪರೀಕ್ಷೆಗೆಂದು ಕೇಳಿದರು, ಅದನ್ನು ಡ್ರೈವರ್ ನೇರ ಆಸ್ಪತ್ರೆಗೆ ಕೊಡುತ್ತಾನೆ. ಇಪ್ಪತ್ತೇಳಕ್ಕೆ ಆಪರೇಷನ್ ಇಲ್ಲ. ಮಾತ್ರೆ ನಿಂತು, ರಕ್ತ ನೋಡಿ, ಎರಡು ತಿಂಗಳಾದ ಮೇಲೆ ಮಾತು ಎಂದರು. ನಾಳೆ ಬೆಳಿಗ್ಗೆ ಡಯಾಲಿಸಿಸ್‌ಗೆ ಹೋದಾಗ ನಿನ್ನನ್ನು ಕೇಳುತ್ತಾರೆ. ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡಿಕೋ, ಮಾತು ಬಿಡು, ಅವರ ಮುಂದೆ ಮಾತ್ರ ಇಲ್ಲ ಅನ್ನಬೇಡ. ಅಮ್ಮ ಇಪ್ಪತ್ತೇಳಕ್ಕೆಂದು ಈಗಲೇ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಾಳೆ. ಅವಳಿಗೆ ನಾನಿನ್ನೂ ಹೇಳಿಲ್ಲ.