ಕೆಂಚಿಗೆ ಬೇರೆ ಗಂಡು ಬೇಡ

ಅಣ್ಣಾ,

ಕೆಂಚಿಯನ್ನು ಹಾವೇರಿಯ ಗಂಡು ಕುದುರೆಯ ಹತ್ತಿರ ಒಯ್ಯಬೇಡ. ನಿನ್ನೆ ನೀನು ಬನವಾಸಿ ಸಂತೆಗೆ ಹೋಗಿದ್ದಾಗ ದನದ ಡಾಕ್ಟರನ್ನು ಕರೆಸಿದ್ದೆ. ಕೈ ಹಾಕಿ ನೋಡಿ, ಗರ್ಭದಲ್ಲಿ ದೋಷವಿಲ್ಲ ಎಂದರು. ಮೂರು ಸಲ ಗಬ್ಬ ನಿಂತಿದೆ, ಮೂರು ಸಲವೂ ದಿನ ತುಂಬುವ ಮೊದಲೇ ಕಂದು ಹಾಕಿದೆ. ನೀನು ಪ್ರತಿ ಸಲ ಗಂಡನ್ನು ದೂರಿ ಇನ್ನೊಂದು ಗಂಡು ಹುಡುಕಿದೆ.

"ಗಬ್ಬ ಇದ್ದಾಗ ಏನು ಹೊರಸ್ತೀರಿ?" ಎಂದು ಕೇಳಿದರು. ವಾರಕ್ಕೆರಡು ಸಲ ಯಲ್ಲಾಪುರದವರೆಗೆ ಮೆಣಸಿನಕಾಯಿ ಚೀಲ ಎಂದೆ.

"ಹಂಗಾರ ಗಂಡಿಂದೇನು ತಪ್ಪು?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮುಂದೆ ಬೆದೆಗೆ ಬಂದಾಗ ಕಳೆದ ಸಲ ಬಿಡಿಸಿದ ಸಿರ್ಸಿಯ ನೂರ್ ಅಹ್ಮದ್ ಸಾಹೇಬರ ಕುದುರೆಯೇ ಸಾಕು. ಆಮೇಲೆ ಮರಿ ಹಾಕುವವರೆಗೆ ಬೆನ್ನ ಮೇಲೆ ಚೀಲ ಏರಬಾರದು. ಅದು ನಿನ್ನಿಂದ ಆಗದಿದ್ದರೆ ಗಂಡು ಬಿಡಿಸಲೇಬೇಡ.

ನೀನು ಕಟ್ಟಿದ ತಾಯತ ಬಿಚ್ಚಿದ್ದೇನೆ. ದಾರ ಉಜ್ಜಿ ಕುತ್ತಿಗೆ ಗಾಯವಾಗಿತ್ತು. ಬೇವಿನೆಣ್ಣೆ ಹಚ್ಚು.

ಅತ್ತಿಗೆ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದಳು. ಡಾಕ್ಟರು ಕೈ ತೊಳೆಯುವಾಗ, "ಮನಷ್ಯಾರಿಗೂ ಹಿಂಗ ಏನ್ರೀ?" ಎಂದಳು.

"ಅವರಿಗೂ ಹಿಂಗನ ಐತವ್ವಾ," ಎಂದರು.

ಎರಡು ಸಲ ಕಳೆದುಕೊಂಡವಳು, ಈಗ ಮತ್ತೆ ಮೂರು ತಿಂಗಳ ಬಸುರಿ. ಕುದುರೆಯ ವಿಷಯದಲ್ಲಿ ಗಂಡನ್ನು ದೂರಿದ ನೀನು, ಇವಳ ವಿಷಯದಲ್ಲಿ ಬಂದವರ ಮುಂದೆಲ್ಲ ಇವಳ ಹೊಟ್ಟೆಯನ್ನೇ ದೂರಿದೆ.

ನಾನು ಹಾಸ್ಟೆಲಿಗೆ ಹೊರಟೆ. ಇವತ್ತಿನ ಹತ್ತು ಕೊಡ ನೀರನ್ನು ಅವಳ ಬದಲು ನಾನೇ ಕೆರೆಯಿಂದ ಹೊತ್ತು ತಂದಿದ್ದೇನೆ. ನಾಳೆಯಿಂದ ನೀನು ಹೊರು.

ಬಸಲಿಂಗ