ತೊಟ್ಟಿಯಲ್ಲಿ ಒಂದು ಮಿಂಚು

ಫೆಬ್ರುವರಿ ೧೧, ಮಂಗಳವಾರ. ಬೆಳಿಗ್ಗೆ

ಮತ್ತೆ ಕರೆಂಟ್ ಹೋಯಿತು. ಮಗ್ಗಗಳು ನಿಂತವು. ಬನಹಟ್ಟಿಗೇ ಕಿವುಡು ಬಂದ ಹಾಗೆ. ಲ್ಯಾಪ್‌ಟಾಪಿನಲ್ಲಿ ಅರ್ಧ ಚಾರ್ಜ್ ಇದೆ, ಸಾಕು. ದೂರದ ದೇಶದ ಗಣಿ, ಅದರ ತಳದಲ್ಲಿ ದ್ರವ ಜೆನಾನ್ ತುಂಬಿದ ತೊಟ್ಟಿ. ಡಾರ್ಕ್ ಮ್ಯಾಟರ್ ಕಣವೊಂದು ಬಂದು ತಾಕಿದರೆ ಸಣ್ಣದೊಂದು ಮಿಂಚು. ಅದರ ಡೇಟಾ ಇಲ್ಲಿ ಕೂತು ಸೋಸುವುದು ನನ್ನ ಕೆಲಸ. ಮೂರು ವರ್ಷವಾಯಿತು. ಸಾಕಾಗಿದೆ.

ಮುಂದಿನ ಸುತ್ತಿಗೆ ಇರುತ್ತೀಯೋ ಇಲ್ಲವೋ, ಇಪ್ಪತ್ತೆರಡರೊಳಗೆ ಹೇಳು ಅಂದಿದ್ದಾರೆ ಗೈಡ್ ಪ್ರೀತಿ ಮೇಡಂ. ಈ ಸಲವೂ ಸೊನ್ನೆ ಬಂದರೆ ಬಿಟ್ಟೇಬಿಡುತ್ತೇನೆ. ಜಮಖಂಡಿಯ ಯಾವುದಾದರೂ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದರಾಯಿತು.

ಫೆಬ್ರುವರಿ ೧೪, ಶುಕ್ರವಾರ

ಒಂದಿದೆ! ಒಂದೇ ಒಂದು ಮಿಂಚು. ಇರಬೇಕಾದ ಜಾಗದಲ್ಲೇ. ಮೂರು ಸಲ ತಿರುಗಿ ನೋಡಿದೆ... ವಿಶ್ವದ ಬಹುಪಾಲು ದ್ರವ್ಯ, ಯಾರ ಕಣ್ಣಿಗೂ ಬೀಳದ್ದು, ನಮ್ಮ ತೊಟ್ಟಿಗೆ ಬಂದು ತಾಕಿದ್ದರೆ? ಅಯ್ಯೋ ಶಿವನೇ.

ಆದರೆ ಉಪ್ಪು ಇದೆಯಲ್ಲ. ಆಸೆಗೆ ಬಿದ್ದು ನಮಗೆ ನಾವೇ ಮೋಸ ಮಾಡಿಕೊಳ್ಳಬಾರದು ಅಂತ ನಮ್ಮ ತಂಡದವರೇ ಡೇಟಾದಲ್ಲಿ ಕೆಲವು ಸುಳ್ಳು ಮಿಂಚು ಬೆರೆಸಿರುತ್ತಾರೆ. ಅದಕ್ಕೆ ಉಪ್ಪು ಅನ್ನುತ್ತೇವೆ. ಯಾವುದು ಉಪ್ಪು ಅಂತ ಬರುವ ಶುಕ್ರವಾರದ ಮೀಟಿಂಗಿನಲ್ಲೇ ತಿಳಿಯುವುದು. ಅಲ್ಲಿಯವರೆಗೆ ಹೊರಗೆ ಬಾಯಿ ಬಿಡಬಾರದು.

ಬಿಟ್ಟೆ. ಅಪ್ಪನ ಮುಂದೆ.

ಫೆಬ್ರುವರಿ ೧೫

ಮಗ್ಗಕ್ಕೆ ಹೊಸ ಎಳೆಗಳ ಹಾಸು ಏರಿಸಿ ಮೊದಲ ಸೀರೆ ಇಳಿಸಿದಾಗ ಓಣಿಗೆ ಸಕ್ಕರೆ ಹಂಚುವುದು ನಮ್ಮ ಮನೆಯ ರೂಢಿ. ಅಪ್ಪ ಬೆಳಿಗ್ಗೆ ಎದ್ದವರೇ ಹಂಚಿ ಬಂದಿದ್ದಾರೆ!

“ನಮ್ಮ ಶ್ರೀದೇವಿಗೆ ಒಂದು ಸಿಕ್ಕೈತಿ ಅಂದೆ. ಅದರಾಗ ತಪ್ಪೇನೈತಿ?”

“ಅಪ್ಪಾ, ಅದು ಖರೆನೋ ಸುಳ್ಳೋ ಇನ್ನಾ ಗೊತ್ತಿಲ್ಲರಿ!”

ಅವ್ವ ಬಿದ್ದು ಬಿದ್ದು ನಕ್ಕಳು. “ಕೂಸು ಹುಟ್ಟೂ ಮೊದಲ ಕುಲಾಯಿ ಹೊಲಿಸ್ಯಾರ ನಿಮ್ಮಪ್ಪ.”

ನನಗೆ ನಗು ಬರಲಿಲ್ಲ. ಸಿಟ್ಟು ಬಂತು.

ಫೆಬ್ರುವರಿ ೨೧, ಶುಕ್ರವಾರ. ಸಂಜೆ

ಉಪ್ಪು.

ಫೆಬ್ರುವರಿ ೨೨, ಶನಿವಾರ

ನಿನ್ನೆ ಒಂದು ಪದಕ್ಕಿಂತ ಹೆಚ್ಚು ಬರೆಯಲಾಗಲಿಲ್ಲ. ಅತ್ತುಬಿಟ್ಟೆ. ನಾಚಿಕೆ ಬೇರೆ — ಓಣಿಯವರೆಲ್ಲ ಸಕ್ಕರೆ ತಿಂದಿದ್ದಾರೆ.

ಬೆಳಿಗ್ಗೆ ಮಗ್ಗದ ಶೆಡ್ಡಿಗೆ ಹೋಗಿ ಅಪ್ಪನಿಗೆ ಹೇಳಿದೆ. ಸಿಕ್ಕಿದ್ದು ಸುಳ್ಳು ಮಿಂಚು, ನಿಜವಾದದ್ದು ಯಾವುದೂ ತಾಕಿಲ್ಲ ಅಂತ.

“ಅಂದ್ರ ಅದು ಈ ಕಡೆ ಬರಂಗೇ ಇಲ್ಲೇನವಾ?”

“ಬರತೈತಿ ಅಪ್ಪಾ. ನಮ್ಮ ಅಂದಾಜು ಖರೆ ಇದ್ರ ಈಗೂ ಹೊಂಟೈತಿ. ನಿಮ್ಮ ಕೈಯಾಗ, ಮಗ್ಗದಾಗ, ಭೂಮಿಯಾಗ ಹಾಯ್ದು... ತಾಕಂಗಿಲ್ಲ, ಅಷ್ಟ.”

ಅಪ್ಪ ಮಗ್ಗ ನಿಲ್ಲಿಸಿದರು. ಎರಡೂ ಅಂಗೈ ಮುಂದೆ ಚಾಚಿ ನಿಂತರು. ತಿರುವಿ ನೋಡಿಕೊಂಡರು. ಆಮೇಲೆ ಮಗ್ಗದ ಮೇಲಿನ ಬಟ್ಟೆ ನೋಡಿದರು.

“ಯಪ್ಪಾ! ಎಷ್ಟು ಹಗೂರಕ ಹೊಂಟಿರಬೇಕು! ಒಂದ ಎಳಿನೂ ಹರಿದಿಲ್ಲ ನೋಡು.”

ಅವ್ವನನ್ನೂ ಕೂಗಿ ಕರೆದರು. ಅವಳು ಹಿಟ್ಟಿನ ಕೈಯನ್ನೇ ಚಾಚಿದಳು. ನಾನೂ ಚಾಚಿದೆ. ಮೂರು ವರ್ಷ ಕೋಡ್ ಬರೆದಿದ್ದೇನೆ, ಹೀಗೆ ಒಮ್ಮೆಯೂ ನಿಂತಿರಲಿಲ್ಲ. ಮೈಯೆಲ್ಲ ಜುಮ್ಮೆಂದಿತು. ಏನೂ ತಾಕಲಿಲ್ಲ. ಕಣ್ಣಲ್ಲಿ ನೀರು ಬಂತು.

“ಮತ್ತ ಇದನ್ನ ಹುಡುಕಾವ್ರು ಯಾರವಾ?” ಅಂದರು ಅಪ್ಪ. ಕೈ ಇನ್ನೂ ಇಳಿಸಿರಲಿಲ್ಲ.

ಮೇಡಂಗೆ ಮೇಲ್ ಹಾಕಬೇಕು. ಇವತ್ತೇ ಕಡೆಯ ದಿನ. ಮುಂದಿನ ಸುತ್ತಿಗೆ ನಾನೂ ಇರುತ್ತೇನೆ.